ಬುತ್ತಿಗಂಟು ಮುಟ್ಟದ ಊರಿನ ಬಾಡಿಗೆ ಕೋಣೆ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗರು ಕಾಲೇಜಿಗೆಂದು ಧಾರವಾಡದಲ್ಲಿ ರೂಮು ಹಿಡಿಯುವುದು ಹೊಸದಲ್ಲ. ನಾಲ್ಕು ಜನ ಕೂಡಿ ಒಂದು ಕೋಣೆ, ಒಂದು ಸ್ಟೋವ್. ಊರಿನಿಂದ ಬಸ್ಸಿನಲ್ಲಿ ಬಂದ ರೊಟ್ಟಿಬುತ್ತಿ ಬಿಚ್ಚಿದರೆ ಅದು ಯಾರ ಮನೆಯದೆಂದು ಕೇಳುವವರಿಲ್ಲ. ಕೇಳುವವರೇನಿದ್ದರೂ ಮನೆ ಮಾಲೀಕರು: ಯಾವ ಊರು, ಯಾರ ಪೈಕಿ, ಮಾಂಸ ತಿನ್ನುತ್ತೀರೋ ಹೇಗೆ? ಈ ಪ್ರಶ್ನೆಗಳಿಗೆ ಪಳಗಿದ ಮಕ್ಕಳು ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಜರ್ಮನಿಗೆ ಹೊರಟಾಗ, ಅಲ್ಲಿಯ ರೂಮಿನ ಕಾಯಿದೆಯೇ ಬೇರೆ ಎಂಬುದನ್ನು ಪಾಲಕರೂ ತಿಳಿದಿರಬೇಕು. ಹಣ ಕಳಿಸುವವರು ಅವರೇ ತಾನೆ?

ವಿದ್ಯಾರ್ಥಿಗಳು ಕೂಡಿ ಇರುವ ಮನೆಗೆ ಅಲ್ಲಿ 'ವೇ-ಗೇ' ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಅಡುಗೆಮನೆ, ಬಚ್ಚಲು ಎಲ್ಲರದು. ಹೊಸಬರನ್ನು ಆರಿಸುವವರು ಹೆಚ್ಚಾಗಿ ಮಾಲೀಕರಲ್ಲ, ಮೊದಲಿನಿಂದ ಇರುವ ಬಾಡಿಗೆದಾರರು. ಕರೆದು ಕೂರಿಸಿ ಮಾತನಾಡಿಸುತ್ತಾರೆ, ಥೇಟ್ ಕನ್ಯೆ ನೋಡುವ ಶಾಸ್ತ್ರ! ಜಾತಿ ಕೇಳುವುದಿಲ್ಲ; ಪಾತ್ರೆ ತೊಳೆದಿಡುತ್ತೀರಾ, ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಕೇಳುತ್ತಾರೆ. ಹುಡುಗ ಹುಡುಗಿಯರು ಒಂದೇ ಮನೆಯಲ್ಲಿರುವುದು ಅಲ್ಲಿ ಸಾಮಾನ್ಯ. ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಬಿಡುವುದು ಲೇಸು.

ಫ್ರಿಜ್ಜಿನಲ್ಲಿ ಖಾನೆ ಹಂಚಿರುತ್ತದೆ. ಪಕ್ಕದ ಖಾನೆಯ ಹಾಲನ್ನು ಹೇಳದೆ ಮುಟ್ಟುವುದು ಅಲ್ಲಿ ಸಲಿಗೆಯಲ್ಲ, ಕಳವು. ಬಚ್ಚಲು ತಿಕ್ಕುವ ಪಾಳಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ರಾತ್ರಿ 10ರ ಮೇಲೆ ಮತ್ತು ಭಾನುವಾರ ಗದ್ದಲ ಕೂಡದು. ಚಳಿಯೆಂದು ಕಿಟಕಿ ಮುಚ್ಚಿಕೊಂಡು ದಿನವೂ ಅನ್ನ ಬೇಯಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಆ ಖರ್ಚು ಠೇವಣಿಯಲ್ಲಿ ಕಡಿತವಾದೀತು.

ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ಎಂದು ಕೇಳಿ ರೂಢಿಯಾದವರಿಗೆ ಅಲ್ಲಿಯ ಠೇವಣಿ ಅಗ್ಗವೆನಿಸಬಹುದು. ಬಿಸಿನೀರು, ಹೀಟರ್ ಇತ್ಯಾದಿ ಖರ್ಚು ಬಿಟ್ಟು, 3 ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ 3 ಕಂತುಗಳಲ್ಲಿ ಕೊಡುವ ಹಕ್ಕುಂಟು. ಅಪಾಯವಿರುವುದು ಬೇರೆ ಕಡೆ. ಚೆಂದದ ಫೋಟೋ ತೋರಿಸಿ, "ನಾನು ಪರದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಕೀಲಿಕೈ ಅಂಚೆಯಲ್ಲಿ ಬರುತ್ತದೆ" ಎನ್ನುವವರಿದ್ದಾರೆ. ಕೋಣೆಯನ್ನು ಮಗ ಅಥವಾ ನಂಬಿಕೆಯವರು ಕಣ್ಣಾರೆ ನೋಡುವವರೆಗೆ ಒಂದು ಯೂರೋ ಕೂಡ ಕಳಿಸಬಾರದು.

ಇನ್ನೊಂದು ಬಲೆಯೆಂದರೆ "ನೋಂದಣಿ ಇಲ್ಲ" ಎಂಬ ಷರತ್ತಿನ ಕೋಣೆ. ಜರ್ಮನಿಯಲ್ಲಿ ಮನೆ ಸೇರಿದ 2 ವಾರದೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ಬರೆಸಬೇಕು. 2015ರ ನವೆಂಬರಿನಿಂದ ಇದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣವೂ ಬೇಕು. ಆ ವಿಳಾಸದ ಮೇಲೆಯೇ ತೆರಿಗೆ ಸಂಖ್ಯೆ ಬರುತ್ತದೆ, ಅದಿಲ್ಲದೆ ಸಂಬಳ ಸರಿಯಾಗಿ ಕೈಸೇರದು. ನಮ್ಮಲ್ಲಿ ನೌಕರಿ ಸಿಕ್ಕಮೇಲೆ ಮನೆ. ಅಲ್ಲಿ ಮನೆಯಿಲ್ಲದೆ ನೌಕರಿಯೂ ಕಷ್ಟ.

ಹಾಗೆಂದು ಅಲ್ಲಿ ಎಲ್ಲರೂ ನ್ಯಾಯವಂತರೆಂದು ತಿಳಿಯಬೇಡಿ. 2017ರಲ್ಲಿ ಬವೇರಿಯಾದ ರೇಡಿಯೋ ಸಂಸ್ಥೆ ಮತ್ತು 'ಡೇರ್ ಸ್ಪೀಗಲ್' ಪತ್ರಿಕೆ ಸೇರಿ ಬೇರೆ ಬೇರೆ ಹೆಸರುಗಳಲ್ಲಿ ಬಾಡಿಗೆ ಮನೆಗಳನ್ನು ವಿಚಾರಿಸಿದಾಗ, ಅರಬ್ಬಿ ಮತ್ತು ತುರ್ಕಿ ಹೆಸರಿನವರಿಗೆ ಕರೆ ಕಡಿಮೆ ಬಂತು. ಅಲ್ಲಿ ಜಾತಿ ಕೇಳದಿರಬಹುದು, ಹೆಸರು ನೋಡುವವರು ಇದ್ದಾರೆ.

ಓದುವಾಗ ದುಡಿಯಲು 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ಅವಕಾಶವಿದೆ. ಅರ್ಜಿಯಲ್ಲಿ ನಮ್ಮವರು ತಂದೆಯ ಹೆಸರು, ಜಾತಿ, ಮದುವೆಯ ವಿಷಯ ಎಲ್ಲ ತುಂಬಿಸುತ್ತಾರೆ. ಅಲ್ಲಿ ಅದು ಬೇಕಿಲ್ಲ. 2006ರ ಸಮಾನತೆಯ ಕಾನೂನಿನ ನಂತರ ಫೋಟೋ ಕೂಡ ಕಡ್ಡಾಯವಲ್ಲ, ಹಚ್ಚುವ ರೂಢಿ ಮಾತ್ರ ಪೂರ್ತಿ ಹೋಗಿಲ್ಲ. ಸಂದರ್ಶನದಲ್ಲಿ ಹೆಣ್ಣುಮಗಳನ್ನು "ಮಕ್ಕಳು ಯಾವಾಗ?" ಎಂದು ಕೇಳುವಂತಿಲ್ಲ.

ಕೆಲಸ ಬಿಡುವಾಗ ಕೊಡುವ ಪ್ರಮಾಣಪತ್ರವನ್ನು ಮಾತ್ರ ಎಚ್ಚರದಿಂದ ಓದಬೇಕು. ನಮ್ಮಲ್ಲಿ ಎಲ್ಲರಿಗೂ ಒಂದೇ 'ಸದ್ವರ್ತನೆ'ಯ ಕಾಗದ. ಅಲ್ಲಿ ಹೊಗಳಿಕೆಗೂ ಒಳಗುಟ್ಟುಂಟು. "ಪ್ರಯತ್ನಪಟ್ಟರು" ಎಂದು ಬರೆದಿದ್ದರೆ ಪ್ರಯತ್ನಪಟ್ಟರೂ ಸಾಧಿಸಲಿಲ್ಲ ಎಂದೇ ಮುಂದಿನ ಮಾಲೀಕರು ಓದಿಕೊಳ್ಳುತ್ತಾರೆ. ಬಲ್ಲವರಿಗೆ ತೋರಿಸಿ, ಅನ್ಯಾಯವೆನಿಸಿದರೆ ತಿದ್ದಿಕೊಡಲು ಕೇಳುವ ಹಕ್ಕು ಕೆಲಸಗಾರರಿಗಿದೆ.