ಯಂತ್ರದ ಹೆಜ್ಜೆ ಮತ್ತು ಗೋಪಿನಾಥಂ

ಪಾರ್ಶ್ವವಾಯುವಿನಿಂದ ನಡಿಗೆ ಕಳೆದುಕೊಂಡವರ ಕಾಲುಗಳನ್ನು ಹೆಜ್ಜೆಯ ಲಯದಲ್ಲಿ ಮತ್ತೆ ಮತ್ತೆ ನಡೆಸಿ ಪಳಗಿಸುವ ರೋಬೋಟ್ 2023ರಲ್ಲಿ ತಿರುವನಂತಪುರದ ಸರಕಾರಿ ಜನರಲ್ ಆಸ್ಪತ್ರೆಗೆ ಬಂತು. ಮ್ಯಾನ್‌ಹೋಲ್ ಸ್ವಚ್ಛಗೊಳಿಸುವ ಯಂತ್ರ ರೂಪಿಸಿದ ಕೇರಳದ ಜೆನ್‌ರೋಬೋಟಿಕ್ಸ್ ಸಂಸ್ಥೆಯೇ ಇದರ ನಿರ್ಮಾತೃ. ಇಂತಹ ಸೌಲಭ್ಯ ಬಡವರ ಆಸ್ಪತ್ರೆಗೆ ಬಂದುದು ಸ್ವಾಗತಾರ್ಹ.

ಆದರೆ ಹನೂರು ತಾಲೂಕಿನ ಕಾಡಂಚಿನ ಗೋಪಿನಾಥಂಗೆ ಇದರಿಂದೇನು? ವೀರಪ್ಪನ್‌ನ ಊರೆಂದೇ ನಾಡು ಗುರುತಿಸುವ ಆ ಗ್ರಾಮಕ್ಕೆ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಔಷಧಿ ಹಿಡಿದು ಹೋಗಿದ್ದರು. 1991ರಲ್ಲಿ ಅವರ ಹತ್ಯೆಯಾಯಿತು. ಬಳಿಕ ವ್ಯವಸ್ಥೆಗೆ ಆ ದಾರಿ ನೆನಪಾದದ್ದು ಹೆಚ್ಚಾಗಿ ಕಾರ್ಯಾಚರಣೆಗೆ.

ಈ ತರಬೇತಿ ಹೆಚ್ಚು ಫಲ ಕೊಡುವುದು ಪಾರ್ಶ್ವವಾಯು ಬಡಿದ ಮೊದಲ ಮೂರು ತಿಂಗಳಲ್ಲಿ, ಅದೂ ಫಿಸಿಯೋಥೆರಪಿಯ ಜೊತೆಗೆ ಎನ್ನುತ್ತವೆ ಅಧ್ಯಯನಗಳು. ಯಂತ್ರ ಎಂದೂ ಚಿಕಿತ್ಸಕನಿಗೆ ಬದಲಿಯಲ್ಲ. ಬಡವನ ಆ ಮೂರು ತಿಂಗಳು ಮಂಚದಲ್ಲೇ ಕಳೆದುಹೋಗುತ್ತವೆ. 'ಅಲ್ಲಾಹನ ವಿಧಿ' ಎಂದು ನಾವೂ ಸುಮ್ಮನಾಗುತ್ತೇವೆ, ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ) ಬೋಧಿಸಿದ್ದನ್ನು ಮರೆತು.

ಸರಕಾರ ಮೊದಲು ಇಂತಹ ಊರುಗಳಿಗೆ ಫಿಸಿಯೋಥೆರಪಿಸ್ಟ್‌ಗಳನ್ನು ಕಳುಹಿಸಲಿ. ಕೊಳ್ಳೇಗಾಲದಂತಹ ಪಟ್ಟಣಗಳ ಜಮಾಅತ್‌ಗಳು ಈ ರಮಝಾನ್‌ನಲ್ಲಿ ಝಕಾತ್‌ನ ಒಂದು ಪಾಲನ್ನು ಬಡ ರೋಗಿಗಳ ಬಸ್ಸು ಖರ್ಚಿಗೆ, ಚಿಕಿತ್ಸೆಗೆ ತೆಗೆದಿರಿಸಲಿ. ಅನ್ಯಧರ್ಮೀಯ ನೆರೆಯವನಿಗೆ ಸದಕಾದ ಬಾಗಿಲು ತೆರೆದೇ ಇದೆ. ಅಮೃತಶಿಲೆಯ ಹೊಸ ನೆಲಹಾಸು ಒಂದು ವರ್ಷ ಕಾಯಲಿ, ಗಾಲಿಕುರ್ಚಿ ಏರುವ ಇಳಿಜಾರು ಮಸೀದಿಯ ಮೆಟ್ಟಿಲ ಪಕ್ಕದಲ್ಲಿ ಈ ವರ್ಷವೇ ಆಗಲಿ.