ರಮಾಬಾಯಿಯ ಊರಿನಲ್ಲಿ ನಮ್ಮ ಭಾನುವಾರ: ಪುಣೆಯ ಕನ್ನಡ ಕ್ರೈಸ್ತರಲ್ಲಿ ಒಂದು ಮನವಿ

ಪುಣೆಯಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತ ಬಂಧುಗಳೇ, ಕರಾವಳಿಯಿಂದ ಬಂದವರೇ, ಬೀದರ್, ಕಲಬುರಗಿ, ಧಾರವಾಡ, ಬೆಳಗಾವಿಯಿಂದ ಬಂದವರೇ, ನೀವು ಯಾವ ಸಭೆಗೆ ಸೇರಿದವರೇ ಆಗಿರಿ, ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುವುದಿದೆ. ಭಾನುವಾರದ ಆರಾಧನೆ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಒಂದೆರಡು ಗಂಟೆಯನ್ನು ಈ ನಗರದಲ್ಲಿ ಕೂಲಿ ಮಾಡಿ ಬದುಕುವ ಕನ್ನಡದ ಹೆಂಗಸರಿಗಾಗಿ ತೆಗೆದಿಡಿ. ಹಣ ಬೇಡ. ನಿಮ್ಮ ಕನ್ನಡ ಬೇಕು, ನಿಮ್ಮ ತಾಳ್ಮೆ ಬೇಕು. ಯಾಕೆ ಎಂದು ಹೇಳಬೇಕಾದರೆ ಪಂಡಿತಾ ರಮಾಬಾಯಿಯವರಿಂದಲೇ ಶುರು ಮಾಡಬೇಕಾಗುತ್ತದೆ.

ಮಹಾರಾಷ್ಟ್ರದವರು ರಮಾಬಾಯಿ ತಮ್ಮವರೆನ್ನುತ್ತಾರೆ. ಸರಿಯೇ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು; ಹೇಳಿ ಗೆದ್ದು ಬಂದರು. ಎಳೆಗೂಸು ರಮಾಳನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದ ಆ ಸಂಸಾರ ಮುಂದೆ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. 1870ರ ದಶಕದ ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣ ಶ್ರೀನಿವಾಸನೊಂದಿಗೆ ನಡೆದೂ ನಡೆದೂ 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಕೇಳಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಬಿಪಿನ್ ಬಿಹಾರಿ ತೀರಿಕೊಂಡರು. ಕಂಕುಳಲ್ಲಿ ವರ್ಷ ತುಂಬದ ಮಗಳು ಮನೋರಮಾ. ಅದೇ ವರ್ಷ ಪುಣೆಗೆ ಬಂದರು. ಅಲೆದಾಟದಲ್ಲಿ ಕಲಿತ ಭಾಷೆಗಳ ಪೈಕಿ ಕನ್ನಡವೂ ಒಂದು.

1883ರಲ್ಲಿ ವೈದ್ಯಕೀಯ ಓದಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ದಾರಿ ಮುಚ್ಚಿತು. ಅಲ್ಲಿ ಅವರು ತಂಗಿದ್ದ ವಾಂಟೇಜ್ ಮಠದ ಸಿಸ್ಟರುಗಳು ಅವರನ್ನು ಲಂಡನ್ನಿನ ಫುಲ್ಹ್ಯಾಮ್‌ನಲ್ಲಿದ್ದ ತಮ್ಮ ಆಶ್ರಯಮನೆಗೆ ಕಳಿಸಿದರು. ಊರು 'ಕೆಟ್ಟವಳು' ಎಂದು ಹೊರಗಟ್ಟಿದ ಹೆಂಗಸರನ್ನು ಅಲ್ಲಿ ಸಿಸ್ಟರುಗಳು ಮನೆಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ನಿಮಗೆ ಇದನ್ನು ಮಾಡಿಸುತ್ತಿರುವುದು ಯಾವುದು ಎಂದು ರಮಾಬಾಯಿ ಕೇಳಿದರು. ಉತ್ತರವಾಗಿ ಒಬ್ಬ ಸಿಸ್ಟರ್ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಓದಿ ಹೇಳಿದರು. ತಮ್ಮ ನಂಬಿಕೆಯ ಕಥೆಯಲ್ಲಿ ರಮಾಬಾಯಿ ತಾವೇ ಬರೆದಿಟ್ಟಿರುವ ಸಂಗತಿ ಇದು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಶಾಸ್ತ್ರಗಳನ್ನು ಅರೆದು ಕುಡಿದವರ ಮಗಳು. ವಾದದಲ್ಲಿ ಅವರನ್ನು ಸೋಲಿಸುವುದು ಯಾರಿಗೂ ಸುಲಭವಿರಲಿಲ್ಲ. ಅವರನ್ನು ಗೆದ್ದದ್ದು ಕೆಲವು ಹೆಂಗಸರು ಸದ್ದಿಲ್ಲದೆ ಮಾಡುತ್ತಿದ್ದ ಶುಶ್ರೂಷೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದನ್ನು ಪುಣೆಗೆ ತಂದರು. ಅಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನೇ 1893ರಲ್ಲಿ ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆ ಮದುವೆಯಾದದ್ದು. ಕರ್ವೆ ರಸ್ತೆಯಲ್ಲಿ ದಿನಾ ಓಡಾಡುವ ನಮಗೆ ಇಷ್ಟಾದರೂ ನೆನಪಿರಲಿ. ಅದೇ 1893ರಲ್ಲಿ, ಹುಡುಗಿಯರನ್ನು ಕ್ರೈಸ್ತರಾಗಿಸುತ್ತಾರೆಂದು ಸದನದ ಮೇಲೆ ದೊಡ್ಡ ಗದ್ದಲವೆದ್ದಿತು. ಹುಡುಗಿಯರು ತಮ್ಮ ಆಚಾರ ಪಾಲಿಸಲು ಅಲ್ಲಿ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ, ಕೆಲವರು ಬಂದು ಕೂರುತ್ತಿದ್ದರು. ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರನಡೆದರು, ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಆ ಗಾಯ ಇವತ್ತಿಗೂ ಪೂರ್ತಿ ಮಾಗಿಲ್ಲ. ಆದ್ದರಿಂದ ನಾನು ಕೇಳುತ್ತಿರುವ ಸೇವೆಯಲ್ಲಿ ಒಂದು ಕಟ್ಟು ಇರಲೇಬೇಕು: ಕೈಯಲ್ಲಿ ಕರಪತ್ರ ಬೇಡ, ಸಭೆಗೆ ಬನ್ನಿ ಎಂಬ ಕರೆ ಬೇಡ, ಬದಲಿಗೆ ಏನನ್ನೂ ಬಯಸುವುದು ಬೇಡ. ಕೃಪೆಗೆ ಬೆಲೆ ಕಟ್ಟಿದರೆ ಅದು ಕೃಪೆಯಾಗಿ ಉಳಿಯುವುದಿಲ್ಲ.

ಇನ್ನು ಕೇಡಗಾಂವ್. ಕಲಬುರಗಿಯಿಂದ ಸೊಲ್ಲಾಪುರ, ದೌಂಡ್ ಮೇಲೆ ಪುಣೆಗೆ ರೈಲಿನಲ್ಲಿ ಬರುವವರು ಆ ಸ್ಟೇಷನ್ ದಾಟಿಯೇ ಬರುತ್ತೀರಿ. 1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಕೇಳಿದಾಗ ರಮಾಬಾಯಿಗೆ ತಮ್ಮ ತಂದೆ ತಾಯಿಯ ಕೊನೆಯ ದಿನಗಳು ಕಣ್ಣೆದುರು ಬಂದವು. ತಾವೇ ಹೊರಟು ಹೋಗಿ ಹಸಿದ ಹುಡುಗಿಯರನ್ನು, ವಿಧವೆಯರನ್ನು ತಂಡ ತಂಡವಾಗಿ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಸದನದಲ್ಲಿ ಇಷ್ಟು ಜನರನ್ನು ಇಟ್ಟುಕೊಳ್ಳುವಂತಿಲ್ಲ ಎಂದಿತು ಆಡಳಿತ. ಶಾಲೆಯ ಖರ್ಚಿಗೆ ಹಣ್ಣಿನ ತೋಟವಾಗಲೆಂದು ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿತ್ತು. ಅಲ್ಲಿಗೆ ಹೋದರು. ಕಟ್ಟಡವಿಲ್ಲ, ಡೇರೆ, ಹುಲ್ಲಿನ ಗುಡಿಸಲು, ಮರದ ನೆರಳು. ಅದೇ ಮುಕ್ತಿ ಸದನವಾಯಿತು. 1900ರಲ್ಲಿ ಗುಜರಾತಿನ ಬರಕ್ಕೆ ಸಿಕ್ಕವರೂ ಬಂದ ಮೇಲೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು. ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು, ಎಲ್ಲ ಕಲಿತರು. ಕಣ್ಣಿಲ್ಲದವರಿಗೆ ಬ್ರೈಲ್ ಕಲಿಸಿದರು. ಬೀದಿಗೆ ಬಿದ್ದವರಿಗೆಂದು ಕೃಪಾ ಸದನ ಎಂಬ ಬೇರೆ ಮನೆಯೇ ಇತ್ತು. ಫುಲ್ಹ್ಯಾಮ್‌ನಲ್ಲಿ ನೋಡಿದ್ದನ್ನು ರಮಾಬಾಯಿ ಮರೆತಿರಲಿಲ್ಲ. 1910ರ ದಶಕದಲ್ಲಿ ನಮ್ಮ ಕಲಬುರಗಿಯಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆದು ಮಗಳು ಮನೋರಮಾಗೆ ಅದನ್ನು ಒಪ್ಪಿಸಿದರು.

ಹೀಗೆಂದು ಅವರು ಎಲ್ಲವನ್ನೂ ಸಹಿಸಿಕೊಂಡು ಕೂತವರಲ್ಲ. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂದು 1897ರಲ್ಲಿ ಪತ್ರಿಕೆಗೆ ಬಹಿರಂಗವಾಗಿ ಬರೆದರು, ಆ ಮಾತು ಬ್ರಿಟನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಆಳುವವರೂ ಕ್ರೈಸ್ತರೇ ಎಂದು ಬಾಯಿ ಕಟ್ಟಿಕೊಳ್ಳಲಿಲ್ಲ. ಅದೇ ಹೆಂಗಸು ಕಡೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ನಿಘಂಟುಗಳ ನಡುವೆ ಕೂತು ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಬೈಬಲ್ ಅನುವಾದಿಸಿದರು. ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರೇ. 1921ರ ಜುಲೈಯಲ್ಲಿ ಮಗಳು ತೀರಿಕೊಂಡಳು, ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು, ಪೂರ್ತಿ ಬೈಬಲ್ 1924ರಲ್ಲಿ ಹೊರಬಂತು. ಸದ್ದಿಲ್ಲದ ಸೇವೆ ಎಂದರೆ ನನಗೆ ಕಾಣುವುದು ಈ ಬಗೆಯದು: ಗದ್ದಲವಿಲ್ಲದೆ ಒಂದೇ ಕೆಲಸದ ಮುಂದೆ ವರ್ಷಗಟ್ಟಲೆ ಕೂರುವ ಮನಸ್ಸು.

ಈಗ ನಮ್ಮ ಬೀದಿಗೆ ಬನ್ನಿ. ಬೆಳಿಗ್ಗೆ ಎಂಟರ ಹೊತ್ತಿಗೆ, ಕೂಲಿಯ ಹೆಂಗಸರು ಕೆಲಸಕ್ಕೆ ಕಾಯುವ ವಾರ್ಜೆಯ ಮಜೂರ ಅಡ್ಡಾದಲ್ಲಿ ಒಮ್ಮೆ ನಿಂತು ನೋಡಿ. ಕೈಚೀಲದಲ್ಲಿ ರೊಟ್ಟಿ ಬುತ್ತಿ, ಸೀರೆಯ ಮೇಲೆ ಗಂಡಸಿನ ಅಂಗಿ, ಪಕ್ಕದಲ್ಲಿ ಪುಟ್ಟಿ. ಗುತ್ತಿಗೆದಾರ ಬೈಕ್ ನಿಲ್ಲಿಸಿ ಬೆರಳು ತೋರಿಸಿ ಇಬ್ಬರನ್ನೋ ಮೂವರನ್ನೋ ಕರೆಯುತ್ತಾನೆ. ಹತ್ತಾದರೂ ಕರೆ ಬಾರದವರು ಬುತ್ತಿ ಹಾಗೇ ಎತ್ತಿಕೊಂಡು ಮನೆಗೆ ತಿರುಗುತ್ತಾರೆ. ಅಲ್ಲಿ ಕಿವಿಗೊಟ್ಟರೆ ಕೇಳುವುದು ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ. ಬರ ಈಗಲೂ ಜನರನ್ನು ಪುಣೆಗೆ ತರುತ್ತಿದೆ; ಕರೆತರಲು ರಮಾಬಾಯಿ ಇಲ್ಲ, ಅಷ್ಟೇ.

ಇವರಿಗೆ ಹಕ್ಕುಗಳಿಲ್ಲ ಎಂದಲ್ಲ. ಕಟ್ಟಡ ಕೆಲಸದಲ್ಲಿ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕರ್ನಾಟಕದ ರೇಷನ್ ಕಾರ್ಡಿಗೆ ಕೇಂದ್ರದ ಪಡಿತರ ಧಾನ್ಯವನ್ನು ಪುಣೆಯ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ವಿಧವೆಗೆ ಊರಿನಲ್ಲಿ ವಿಧವಾ ವೇತನವಿದೆ. ಮಹಾರಾಷ್ಟ್ರದಲ್ಲೇ 15 ವರ್ಷ ವಾಸವಿದ್ದವಳಿಗೆ ಸಂಜಯ್ ಗಾಂಧಿ ನಿರಾಧಾರ ಯೋಜನೆಯಿದೆ. ಆದರೆ ಅರ್ಜಿ ಮರಾಠಿಯಲ್ಲಿ, ಕೌಂಟರಿನಲ್ಲಿ ಕೇಳುವ ಪ್ರಶ್ನೆ ಮರಾಠಿಯಲ್ಲಿ, ಇವಳ ಮಾತು ಕನ್ನಡ, ಓದು ಬಾರದು. ನಡುವೆ ನಿಲ್ಲಲು ಎರಡೂ ಭಾಷೆ ಬಲ್ಲವರು ಬೇಕು. ಹತ್ತಿಪ್ಪತ್ತು ವರ್ಷದಿಂದ ಇಲ್ಲಿರುವ ನಮಗೆ ಎರಡೂ ಬರುತ್ತವೆ.

ಸಸೂನ್ ಆಸ್ಪತ್ರೆಯ ವಾರ್ಡಿನಲ್ಲೂ ಇದೇ ಕೆಲಸವಿದೆ. ಎಲ್ಲಿ ನೋವು, ಯಾವಾಗಿನಿಂದ ಎಂದು ಡಾಕ್ಟರಿಗೆ ಹೇಳಲು ಒಬ್ಬರು ಬೇಕು. ಹೇಳಿಯಾದ ಮೇಲೆ ಎದ್ದು ಹೋಗಬೇಡಿ. ಉಪದೇಶ ಬೇಡ, ಎಲ್ಲ ಒಳ್ಳೆಯದಾಗುತ್ತದೆ ಎಂಬ ಸಮಾಧಾನವೂ ಬೇಡ. ಸುಮ್ಮನೆ ಪಕ್ಕದಲ್ಲಿ ಕೂತಿರಿ. ಪ್ರಾರ್ಥನೆ ಮನಸ್ಸಿನಲ್ಲೇ ನಡೆಯಲಿ.

ವಿಧವೆಯರ ಬಗ್ಗೆ ಇನ್ನೊಂದು ಮಾತು. ರಮಾಬಾಯಿ ತೀರಿಕೊಂಡು ನೂರು ವರ್ಷ ತುಂಬಿದ ಮರುತಿಂಗಳೇ, 2022ರ ಮೇ 4ರಂದು, ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ವಿಧವೆಯ ಬಳೆ ಒಡೆಯುವುದನ್ನು, ಕುಂಕುಮ ಅಳಿಸುವುದನ್ನು ನಿಲ್ಲಿಸಲು ಠರಾವು ಮಾಡಿತು. ಆ ತಿಂಗಳೇ ರಾಜ್ಯ ಸರ್ಕಾರ ಉಳಿದ ಪಂಚಾಯಿತಿಗಳಿಗೂ ಹಾಗೆ ಮಾಡಲು ಸೂಚಿಸಿತು. ಊರ ಪಂಚಾಯಿತಿಯೊಂದು ಇಷ್ಟು ಮಾಡಿರುವಾಗ ನಮ್ಮ ಮನೆಗಳ ಮದುವೆಗಳಲ್ಲಿ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಗಂಡ ಸತ್ತ ಅತ್ತೆಯನ್ನೋ ಚಿಕ್ಕಮ್ಮನನ್ನೋ ಹಿಂದಿನ ಸಾಲಿಗೆ ಸರಿಸುವುದು ಇನ್ನಾದರೂ ನಿಲ್ಲಲಿ.

ಬರುವ ಭಾನುವಾರ ನಿಮ್ಮ ಪಾದ್ರಿಗಳ ಹತ್ತಿರ, ಸಭೆಯ ಹಿರಿಯರ ಹತ್ತಿರ ಈ ಮಾತು ಎತ್ತಿ. ಒಂದೊಂದು ಸಭೆಯಿಂದ ನಾಲ್ಕು ಜನ ಸಾಕು: ಇಬ್ಬರು ಅಡ್ಡಾದ ಹೆಂಗಸರ ಕಾಗದಪತ್ರಕ್ಕೆ, ಇಬ್ಬರು ಆಸ್ಪತ್ರೆಗೆ. ಫೋಟೊ ಬೇಡ, ಬ್ಯಾನರ್ ಬೇಡ. ಕ್ರೈಸ್ತರಲ್ಲದ ಕನ್ನಡಿಗರು ಜೊತೆಗೆ ಬರುತ್ತೇವೆಂದರೆ ಸಂತೋಷದಿಂದ ಕರೆದುಕೊಳ್ಳಿ. ಆದರೆ ಒಂದು ವರ್ಷ ಬಿಡದೆ ಮಾಡುತ್ತೇವೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡವರೇ ಮುಂದೆ ಬನ್ನಿ. ನಾಲ್ಕು ವಾರ ಬಂದು ಕಾಣೆಯಾದರೆ ಆ ಹೆಂಗಸರು ಮತ್ತೊಬ್ಬರನ್ನು ನಂಬುವುದು ಕಷ್ಟ.