ಐಪಿ ಬರೆದಿಡಬೇಡಿ, ಹೆಸರು ಕೇಳಿ

ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹತ್ತಿರ ನಮ್ಮ ರೂಮು. ಅಲ್ಲಿ ನಾಲ್ಕು ಇಎಸ್‌ಪಿ32 ಬೋರ್ಡು, ಒಂದು ರಾಸ್‌ಬೆರಿ ಪೈ ಮೂರು ವಾರ ಜಗಳ ಇಲ್ಲದೆ ಕೆಲಸ ಮಾಡಿದ್ದವು. ಡೆಮೊ ದಿನ ಕಾಲೇಜಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ಗೆ ರೂಮಿನ ವೈಫೈ ಹೆಸರನ್ನೇ, ಪಾಸ್‌ವರ್ಡನ್ನೇ ಇಟ್ಟೆವು. ಬೋರ್ಡುಗಳು ಕನೆಕ್ಟ್ ಆದವು, ಡೇಟಾ ಮಾತ್ರ ಬರಲಿಲ್ಲ. ಪೈಗೆ ಹೊಸ ಐಪಿ ಸಿಕ್ಕಿತ್ತು. ನಾಲ್ಕೂ ಬೋರ್ಡಿನ ಕೋಡಲ್ಲಿ ಹಳೇ ಐಪಿ ಕೂತಿತ್ತು. ಎಕ್ಸಾಮಿನರ್ ಎದುರಲ್ಲೇ ಒಂದೊಂದಾಗಿ ಫ್ಲ್ಯಾಶ್ ಮಾಡಿದೆವು. ಮಾರ್ಕ್ಸ್ ಹೋಯ್ತು, ಬುದ್ಧಿ ಬಂತು.

ತಪ್ಪು ವೈಫೈದಲ್ಲ, ನಮ್ಮ ಅಭ್ಯಾಸದ್ದು. ಐಪಿ ಅನ್ನೋದು ಬಾಡಿಗೆ ಮನೆ ಇದ್ದ ಹಾಗೆ, ಯಾವಾಗ ಬೇಕಾದರೂ ಬದಲಾಗುತ್ತೆ. ಸೇವೆ ಕೊಡೋನು ತನ್ನ ಹೆಸರು ನೋಂದಾಯಿಸಬೇಕು, ಬೇಕಾದವನು ಕೇಳಿ ಹುಡುಕಬೇಕು. ಎಂಡಿಎನ್‌ಎಸ್ ಮಾಡೋದು ಇದನ್ನೇ. 2013ರಲ್ಲಿ ಆರ್‌ಎಫ್‌ಸಿ 6762 ಆಗಿ ಪ್ರಕಟವಾದ ಪದ್ಧತಿ ಇದು. ಬೋರ್ಡು 224.0.0.251ಕ್ಕೆ, 5353ನೇ ಪೋರ್ಟಿಗೆ "ಇಲ್ಲಿ ಎಂಕ್ಯುಟಿಟಿ ಬ್ರೋಕರ್ ಯಾರು?" ಅಂತ ಕೇಳುತ್ತೆ. ಪೈ ತನ್ನ ವಿಳಾಸ, ಪೋರ್ಟು ಹೇಳುತ್ತೆ. ಪೈ ಕಡೆ ಅವಾಹಿ, ಬೋರ್ಡ್ ಕಡೆ ಎಂಡಿಎನ್‌ಎಸ್ ಲೈಬ್ರರಿ, ಎರಡೂ ಉಚಿತ.

ಬೋರ್ಡಿನ ಒಳಗೂ ಇದೇ ಪಾಠ. ಐ-ಸ್ಕ್ವೇರ್-ಸಿ ಸ್ಕ್ಯಾನ್‌ನಲ್ಲಿ ಹೆಕ್ಸ್ 68 ಕಂಡರೆ ಅದು ಎಂಪಿಯು6050 ಸೆನ್ಸರೋ, ಡಿಎಸ್1307 ಗಡಿಯಾರವೋ? ಎರಡಕ್ಕೂ ಅದೇ ವಿಳಾಸ! ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ಎಂಪಿಯು6050ರಲ್ಲಿ 'ಹೂ ಆಮ್ ಐ' ಅನ್ನೋ ರಿಜಿಸ್ಟರೇ ಇದೆ. ಮೊದಲು ಅದನ್ನು ಓದಿ, ಆಮೇಲೆ ರೀಡಿಂಗ್ ನಂಬಿ.

"ಸಣ್ಣ ಪ್ರಾಜೆಕ್ಟಿಗೆ ಇಷ್ಟೆಲ್ಲ ಯಾಕೆ ಗುರು?" ಅನ್ನೋರಿದ್ದಾರೆ. ಬೆಸುಗೆ ಹಾಕಿದ ಚಿಪ್ ಎಲ್ಲಿಗೂ ಓಡಲ್ಲ. ಅದರ ವಿಳಾಸ ಬರೆದಿಟ್ಟರೆ ತಪ್ಪಿಲ್ಲ. ಲಿನಕ್ಸ್‌ನ ಡಿವೈಸ್ ಟ್ರೀ ಕೂಡ ಅಂಥದ್ದೇ ಪಟ್ಟಿ. ಆದರೆ ನೆಟ್‌ವರ್ಕಲ್ಲಿ ಓಡಾಡೋ ವಸ್ತುವಿಗೆ ಆ ಲೆಕ್ಕ ನಡೆಯಲ್ಲ.

ಎರಡು ಎಚ್ಚರಿಕೆ. ಕನೆಕ್ಷನ್ ತಪ್ಪಿದರೆ ಹಳೇ ಉತ್ತರ ಹಿಡಿದು ಕೂರದೆ ಮತ್ತೆ ಕೇಳಿ. ಹೆಸರು ಹೇಳಿದ ಮಾತ್ರಕ್ಕೆ ನಂಬಬೇಡಿ. ಅದೇ ಹೆಸರನ್ನು ಯಾರು ಬೇಕಾದರೂ ಹೇಳಬಹುದು, ಪಾಸ್‌ವರ್ಡ್ ಬೇಕೇ ಬೇಕು.

ನಮ್ಮ ಪ್ರಾಜೆಕ್ಟ್ ಈಗ ಜೂನಿಯರ್‌ಗಳ ಕೈಲಿದೆ. ಕೋಡಲ್ಲಿ ಒಂದೂ ಐಪಿ ಇಲ್ಲದ ಹಾಗೆ ಮಾಡಿಯೇ ಕೊಟ್ಟಿದ್ದೇವೆ. ನೀವೂ ಸಬ್ಮಿಟ್ ಮಾಡೋ ಮುಂಚೆ ಒಮ್ಮೆ ಬೇರೆ ಹಾಟ್‌ಸ್ಪಾಟಲ್ಲಿ ಆನ್ ಮಾಡಿ ನೋಡಿ. ಎಕ್ಸಾಮಿನರ್‌ಗಿಂತ ಮೊದಲು ನಿಮಗೇ ಗೊತ್ತಾಗಲಿ.